ನಾಲ್ಕು ಬಗೆಯ ಕಿವಿ

ಮೆಟಾಲಿಕಾ ಎಂಬ ಅಮೆರಿಕದ ವಾದ್ಯಮೇಳವು ಯಾವ ವರ್ಷ ಸತ್ತಿತು ಎಂಬ ವಿಷಯದಲ್ಲಿ ಅದರ ಅಭಿಮಾನಿಗಳೊಳಗೆ ಇನ್ನೂ ಒಮ್ಮತ ಏರ್ಪಟ್ಟಿಲ್ಲ. 1986ರಲ್ಲಿಯೇ ಸತ್ತಿತೆಂದು ಒಂದು ಪಕ್ಷ; 1991ರವರೆಗೆ ಹೇಗೋ ಜೀವ ಹಿಡಿದುಕೊಂಡಿತ್ತೆಂದು ಮತ್ತೊಂದು ಪಕ್ಷ. 1996ರಲ್ಲಿ ಮೇಳದವರು ನೀಳವಾದ ತಲೆಗೂದಲನ್ನು ಕತ್ತರಿಸಿಕೊಂಡು ಭಾವಚಿತ್ರಕ್ಕೆ ನಿಂತರಲ್ಲ, ಅಂದೇ ಪ್ರಾಣ ಹೋಯಿತೆನ್ನುವವರು ಉಂಟು. 2003ನೆಯ ಇಸವಿಯನ್ನು ಬಿಟ್ಟುಕೊಡಲೊಲ್ಲದವರೂ ಉಂಟು. ಇಷ್ಟೆಲ್ಲ ತಿಥಿಗಳನ್ನು ಗೊತ್ತುಮಾಡಿರುವ ಈ ಮಹನೀಯರಿಗೆ, ಮೇಳವು ಬದುಕಿಯೇ ಇದೆ, 2023ರಲ್ಲಿ ‘72 ಸೀಸನ್ಸ್’ ಎಂಬ ಆಲ್ಬಮನ್ನು ಹೊರತಂದಿದೆ ಎಂಬುದು ತಿಳಿಯದ ಸಂಗತಿಯಲ್ಲ. ಅದು ಹೊರಬಂದ ದಿನವೇ ಆಸೆಯಿಂದ ಕೇಳಿ, ಸತ್ತದ್ದು ನಿಜವೆಂದು ಮತ್ತೊಮ್ಮೆ ದೃಢಪಡಿಸಿಕೊಂಡವರೂ ಅವರೇ.

ರಾಕ್ ಮತ್ತು ಮೆಟಲ್ ಸಂಗೀತದ ಅಭಿಮಾನಿಗಳ ಪ್ರಪಂಚದಲ್ಲಿ ಇಂಥ ವ್ಯಾಜ್ಯಗಳಿಗೆ ಕೊನೆಯಿಲ್ಲ. ಬ್ಲ್ಯಾಕ್ ಸ್ಯಾಬತ್ ಮೇಳದಲ್ಲಿ ಆಜಿ ಆಸ್ಬೋರ್ನ್ ಹಾಡಿದ ಕಾಲ ದೊಡ್ಡದೋ, 1980ರ ‘ಹೆವನ್ ಆ್ಯಂಡ್ ಹೆಲ್’ ಆಲ್ಬಮಿನಲ್ಲಿ ರಾನಿ ಜೇಮ್ಸ್ ಡಿಯೊ ಹಾಡಿದ ಕಾಲ ದೊಡ್ಡದೋ? ಐರನ್ ಮೇಡನ್ ಮೇಳದ ಮೊದಲೆರಡು ಆಲ್ಬಮುಗಳ ಗಾಯಕ ಪಾಲ್ ಡಿಯಾನೊ ಮೇಲೋ, ಮೂರನೆಯದರಿಂದ ಹಾಡತೊಡಗಿದ ಬ್ರೂಸ್ ಡಿಕಿನ್ಸನ್ ಮೇಲೋ? ಹಜಾರದಲ್ಲಿ ಪತ್ರಿಕೆ ಹಿಡಿದು ಕುಳಿತ ಹಿರಿಯರ ಕಿವಿಗೆ ಕೋಣೆಯೊಳಗಿನ ಈ ವಾದ ಬಿದ್ದರೆ ಅವರಿಗೆ ನಗು ಬರುವುದು ಸಹಜ. ಗದ್ದಲದಲ್ಲಿ ಒಳ್ಳೆಯ ಗದ್ದಲ, ಕೆಟ್ಟ ಗದ್ದಲ ಎಂಬ ಭೇದವೆಲ್ಲಿಂದ ಬಂತಪ್ಪಾ ಎಂದು ಅವರು ತಮ್ಮೊಳಗೇ ಅಂದುಕೊಂಡಾರು. ಆದರೆ ಅದೇ ಹಿರಿಯರು ಚಾಮರಾಜಪೇಟೆಯ ರಾಮೋತ್ಸವದ ಚಪ್ಪರದಿಂದ ಹೊರಬರುವಾಗ, ಅಂದಿನ ತೋಡಿ ಹಿಂದಿನ ವರ್ಷದ ತೋಡಿಗೆ ಸಮನಾಯಿತೆ ಎಂಬ ಚರ್ಚೆಯಲ್ಲಿ ತೊಡಗಿ, ಹತ್ತಬೇಕಾದ ಬಸ್ಸನ್ನು ಬಿಟ್ಟು ನಿಂತಿರುವುದೂ ಉಂಟು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಕಟ್ಟಿದವರು ಯಾರೇ ಇರಲಿ, ಸಂಗೀತದ ಅಭಿಮಾನಿಗಳನ್ನು ಕಂಡವರಲ್ಲ.

ಈ ಜಗಳಗಳಿಗೆ ಏನಾದರೂ ಬೆಲೆಯುಂಟೆ, ಅಥವಾ ಎಲ್ಲವೂ ಬರಿಯ ಬಾಯಿಚಪಲವೆ? ಪ್ರಶ್ನೆ ಸಣ್ಣದಲ್ಲ. ಮೆಟಾಲಿಕಾ ಮೇಳದ ಚರಿತ್ರೆಯೊಂದನ್ನೇ ಹಿಡಿದು ನೋಡಿದರೂ ಇದಕ್ಕೆ ಉತ್ತರ ದೊರೆಯುತ್ತದೆ. ಆ ಉತ್ತರದಲ್ಲಿ ಒಬ್ಬ ವಾದ್ಯಗಾರನ ಮಾನದ ಪ್ರಶ್ನೆಯೂ ಅಡಗಿದೆ.

ಮೊದಲು ಕಥೆಯ ಹಂದರ. ಹೆವಿ ಮೆಟಲ್ ಎಂದರೆ ವಿದ್ಯುತ್ ಗಿಟಾರಿನ ದಪ್ಪನೆಯ, ಬೇಕೆಂದೇ ಒರಟುಗೊಳಿಸಿದ ನಾದವನ್ನೂ ಬಿರುಸಾದ ಡ್ರಮ್ ಬಡಿತವನ್ನೂ ಆಧಾರವಾಗಿಟ್ಟುಕೊಂಡ ರಾಕ್ ಸಂಗೀತ. ಆಲ್ಬಂ ಎಂದರೆ ಎಂಟು ಹತ್ತು ಹಾಡುಗಳು ಒಂದು ಕವನಸಂಕಲನದಂತೆ ಒಟ್ಟಾಗಿ, ಒಂದು ಹೆಸರಿನಡಿ ಹೊರಬರುವ ಧ್ವನಿಮುದ್ರಿಕೆ. ಮೆಟಾಲಿಕಾ ಮೇಳವನ್ನು 1981ರಲ್ಲಿ ಲಾಸ್ ಏಂಜಲೀಸಿನಲ್ಲಿ ಕಟ್ಟಿದವರು ಗಾಯಕ ಮತ್ತು ಗಿಟಾರುವಾದಕ ಜೇಮ್ಸ್ ಹೆಟ್‌ಫೀಲ್ಡ್ ಹಾಗೂ ಡೆನ್ಮಾರ್ಕಿನಲ್ಲಿ ಹುಟ್ಟಿದ ಡ್ರಮ್ ವಾದಕ ಲಾರ್ಸ್ ಉಲ್ರಿಕ್. ಗಿಟಾರಿನ ಕರ್ಕ್ ಹ್ಯಾಮೆಟ್, ಬೇಸ್ ಗಿಟಾರಿನ ಕ್ಲಿಫ್ ಬರ್ಟನ್ ಅವರನ್ನು ಕೂಡಿಕೊಂಡು ಈ ನಾಲ್ವರು 1983ರಲ್ಲಿ ‘ಕಿಲ್ ಎಮ್ ಆಲ್’, 1984ರಲ್ಲಿ ‘ರೈಡ್ ದ ಲೈಟ್ನಿಂಗ್’, 1986ರಲ್ಲಿ ‘ಮಾಸ್ಟರ್ ಆಫ್ ಪಪೆಟ್ಸ್’ ಎಂಬ ಮೂರು ಆಲ್ಬಮುಗಳನ್ನು ಕೊಟ್ಟರು. 1986ರ ಸೆಪ್ಟೆಂಬರ್ 27ರ ಬೆಳಗಿನ ಜಾವ ಸ್ವೀಡನ್ ದೇಶದಲ್ಲಿ ಮೇಳದ ಬಸ್ಸು ಉರುಳಿಬಿದ್ದು ಕ್ಲಿಫ್ ಬರ್ಟನ್ ತೀರಿಕೊಂಡರು. ಆಗ ಅವರಿಗೆ ವಯಸ್ಸು 24. ಅಭಿಮಾನಿಗಳ ವ್ಯಾಜ್ಯಗಳೆಲ್ಲ ಈ ಮೂರು ಆಲ್ಬಮುಗಳ ಮತ್ತು ಈ ಒಂದು ಸಾವಿನ ಸುತ್ತಲೇ ಸುಳಿಯುತ್ತವೆ.

ಇನ್ನು ಅಭಿಮಾನಿಗಳ ವಿಂಗಡಣೆ. ಇದಕ್ಕೆ ಹೊಸದಾಗಿ ಶಾಸ್ತ್ರವನ್ನು ರಚಿಸಬೇಕಾಗಿಲ್ಲ. ಸಾವಿರದ ನೂರು ವರ್ಷಗಳ ಹಿಂದೆಯೇ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಮಾಡಿಟ್ಟಿದ್ದಾನೆ. ಕಾವ್ಯವನ್ನು ಸವಿಯುವವನನ್ನು ಅವನು ಭಾವಕನೆಂದು ಕರೆದು, ಭಾವಕರಲ್ಲಿ ನಾಲ್ಕು ಬಗೆಯೆಂದು ಎಣಿಸಿದ. ಯಾವುದೂ ರುಚಿಸದ ಅರೋಚಕಿ. ಅನ್ನದೊಡನೆ ಹುಲ್ಲುಕಡ್ಡಿಯನ್ನೂ ನುಂಗುವ ಸತೃಣಾಭ್ಯವಹಾರಿ. ಕಂಡ ಗುಣವನ್ನೂ ಬಾಯಿಬಿಟ್ಟು ಹೇಳದ ಮತ್ಸರಿ. ಇರುವುದನ್ನು ಇರುವಂತೆಯೇ ಅರಿಯಲು ಪಟ್ಟುಹಿಡಿಯುವ ತತ್ತ್ವಾಭಿನಿವೇಶಿ. ಕೊನೆಯವನು ಸಾವಿರಕ್ಕೊಬ್ಬನೆಂದೂ ಅವನು ಎಚ್ಚರಿಸಿದ್ದಾನೆ. ಗಿಟಾರಿನ ಹೆಸರನ್ನೂ ಕೇಳದ ಆ ಆಲಂಕಾರಿಕನ ಪಟ್ಟಿಯಲ್ಲಿ ಮೆಟಾಲಿಕಾ ಅಭಿಮಾನಿಗಳೆಲ್ಲರಿಗೂ ಒಂದೊಂದು ಪೀಠ ಸಿದ್ಧವಾಗಿರುವುದು ಆಶ್ಚರ್ಯದ ಮಾತು.

ಅರೋಚಕಿಯನ್ನು ಗುರುತಿಸುವುದು ಸುಲಭ. ಅವನಿಗೆ ಎರಡನೆಯ ಆಲ್ಬಮಿನಲ್ಲಿಯೇ ಸಂಶಯ ಹುಟ್ಟಿತು. ‘ರೈಡ್ ದ ಲೈಟ್ನಿಂಗ್’ನಲ್ಲಿ ‘ಫೇಡ್ ಟು ಬ್ಲ್ಯಾಕ್’ ಎಂಬ ಹಾಡು ವಿದ್ಯುತ್ತಿನ ನೆರವಿಲ್ಲದ ಗಿಟಾರಿನ ಮೃದುವಾದ ಸ್ವರದಿಂದ ಆರಂಭವಾದೊಡನೆ, ಮೇಳದವರು ತಮ್ಮನ್ನು ಮಾರಿಕೊಂಡರೆಂಬ ಕೂಗು 1984ರಲ್ಲಿಯೇ ಎದ್ದಿತು. ಏಳು ವರ್ಷಗಳ ತರುವಾಯ ಆ ಕೂಗು ಆರ್ಭಟವಾಯಿತು. 1991ರ ಆಗಸ್ಟ್ 12ರಂದು ಕಪ್ಪು ಹೊದಿಕೆಯ, ಮೇಳದ ಹೆಸರನ್ನೇ ಹೊತ್ತ ಆಲ್ಬಂ ಬಂತು. ಲೋಕ ಅದನ್ನು ‘ಬ್ಲ್ಯಾಕ್ ಆಲ್ಬಂ’ ಎಂದೇ ಕರೆಯುತ್ತದೆ. ಹಿಂದಿನ ಆಲ್ಬಮಿನ ಶೀರ್ಷಿಕೆಗೀತೆಯೊಂದೇ ಹತ್ತು ನಿಮಿಷದಷ್ಟಿತ್ತು. ಅದನ್ನು ಸಭೆಯಲ್ಲಿ ನುಡಿಸುವಾಗ ಕೇಳುಗರ ಮುಖದಲ್ಲಿ ಬೇಸರ ಕಂಡುದಾಗಿ ಹ್ಯಾಮೆಟ್ ಮುಂದೆ ಹೇಳಿದ್ದಾರೆ. ಆದುದರಿಂದ ಹೊಸ ಆಲ್ಬಮಿನಲ್ಲಿ ಹಾಡುಗಳು ಚಿಕ್ಕವಾದವು, ನಡೆ ನಿಧಾನವಾಯಿತು. ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಎಂಬ ಪ್ರೇಮಗೀತೆಯ ಹಿಂದೆ ಪಿಟೀಲುಗಳ ಸಮೂಹವೂ ಕೂಡಿತು. ಅಮೆರಿಕ ದೇಶವೊಂದರಲ್ಲೇ ಒಂದು ಕೋಟಿ ಅರವತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದುವು. ಅರೋಚಕಿಗೆ ಬೇರೆ ಸಾಕ್ಷ್ಯವೇ ಬೇಕಾಗಲಿಲ್ಲ. ಅಷ್ಟು ಜನರಿಗೆ ರುಚಿಸಿದ್ದು ತನಗೆ ಹೇಗೆ ರುಚಿಸೀತು ಎಂಬುದು ಅವನ ತರ್ಕ.

ಈ ತರ್ಕದಲ್ಲಿ ದುರಭಿಮಾನ ಬಹಳ. ಆದರೂ ಎಲ್ಲವೂ ದುರಭಿಮಾನವಲ್ಲ. ಅರುಚಿಯಲ್ಲಿಯೂ ಎರಡು ಬಗೆಯೆಂದು ರಾಜಶೇಖರನೇ ಹೇಳುತ್ತಾನೆ: ಹುಟ್ಟಿನಿಂದ ಬಂದದ್ದು ಒಂದು, ತಿಳಿವಿನಿಂದ ಬಂದದ್ದು ಇನ್ನೊಂದು. ಮೊದಲನೆಯದು ನೂರು ಸಂಸ್ಕಾರಕ್ಕೂ ಹೋಗದ ಲೋಹದ ಕಪ್ಪಿನಂತೆ. ಎರಡನೆಯದಕ್ಕೆ ನಿಜವಾಗಿ ಉತ್ತಮವಾದದ್ದು ಎದುರಾದರೆ ರುಚಿ ತಾನಾಗಿ ಮರಳುತ್ತದೆ. ‘ಬ್ಲ್ಯಾಕ್ ಆಲ್ಬಂ’ ಮಾರಾಟವಾಯಿತಾದ್ದರಿಂದ ಕೆಟ್ಟದ್ದು ಎನ್ನುವವನು ಮೊದಲನೆಯ ಬಗೆಯವನು. ಹಳೆಯ ಹಾಡುಗಳಲ್ಲಿ ಒಂದು ಭಾವದಿಂದ ಇನ್ನೊಂದು ಭಾವಕ್ಕೆ ಅನಿರೀಕ್ಷಿತವಾಗಿ ತಿರುಗುವ ಸೊಗಸಿತ್ತು, ಹೊಸ ಹಾಡುಗಳಲ್ಲಿ ಆ ತಿರುವು ವಿರಳವಾಯಿತು ಎನ್ನುವವನು ಎರಡನೆಯವನು. ಇಬ್ಬರೂ ಒಂದೇ ಆಲ್ಬಮನ್ನು ತೆಗಳುತ್ತಾರೆ; ಆದರೆ ಅದನ್ನು ಕೇಳಿ ತೆಗಳಿದವನು ಇವರಲ್ಲಿ ಒಬ್ಬನೇ.

ಇಲ್ಲಿ ಗಮನಿಸತಕ್ಕ ಇನ್ನೊಂದು ಅಂಶವುಂಟು. ಯಾರಿಗೆ ಯಾವ ಆಲ್ಬಂ ಶ್ರೇಷ್ಠ ಎಂಬುದು ಎಷ್ಟೋ ಸಲ ಅವರು ಯಾವುದನ್ನು ಮೊದಲು ಕೇಳಿದರು ಎಂಬುದನ್ನು ಅವಲಂಬಿಸಿರುತ್ತದೆ. ‘ಬ್ಲ್ಯಾಕ್ ಆಲ್ಬಂ’ ಹೊರಬಂದ 1991ರಲ್ಲಿಯೇ ಹಾಂಗ್‌ಕಾಂಗಿನ ಸ್ಟಾರ್ ಟಿವಿಯ ಮೂಲಕ ಎಂಟಿವಿ ವಾಹಿನಿಯು ಭಾರತದ ನಗರಗಳನ್ನು ಪ್ರವೇಶಿಸಿತು. ಬೆಂಗಳೂರಿನ ಅನೇಕ ತರುಣರಿಗೆ ಮೆಟಾಲಿಕಾ ಎಂದರೆ ಪರದೆಯ ಮೇಲೆ ಕಂಡ ‘ಎಂಟರ್ ಸ್ಯಾಂಡ್‌ಮ್ಯಾನ್’ ಹಾಡೇ. ಅಮೆರಿಕದ ಹಳೆಯ ಅಭಿಮಾನಿಗೆ ಯಾವುದು ಪತನವಾಗಿ ಕಂಡಿತೋ ಅದೇ ಇವರಿಗೆ ಅಕ್ಷರಾಭ್ಯಾಸವಾಯಿತು. ಮುಂದೆ ಕ್ಯಾಸೆಟ್ಟುಗಳನ್ನು ಹುಡುಕಿ ಹುಡುಕಿ ಹಿಂದಕ್ಕೆ ನಡೆದು 1986ನ್ನು ಮುಟ್ಟಿದ ಮೇಲೆ, ಇವರಲ್ಲಿ ಎಷ್ಟೋ ಜನ ತಮಗೆ ವಿದ್ಯೆ ಕಲಿಸಿದ ಆಲ್ಬಮನ್ನೇ ಹಳಿಯತೊಡಗಿದರು. ಏರಿದ ಏಣಿಯನ್ನು ಒದೆಯುವುದು ಎಂದರೆ ಇದೇ ಅಲ್ಲವೆ?

ಎರಡನೆಯವನು ಸತೃಣಾಭ್ಯವಹಾರಿ. ಇವನಿಗೆ ಮೇಳದ ಹೆಸರಿದ್ದರೆ ಸಾಕು, ಎಲ್ಲವೂ ಅಮೃತವೇ. ಇವನ ಭಕ್ತಿಗೆ ಅಗ್ನಿಪರೀಕ್ಷೆಯಾದದ್ದು 2003ರ ‘ಸೇಂಟ್ ಆ್ಯಂಗರ್’. ಅದರ ಹಿನ್ನೆಲೆ ಸುಖದ್ದಲ್ಲ. ಬರ್ಟನ್ನರ ಸ್ಥಾನಕ್ಕೆ ಬಂದಿದ್ದ ಬೇಸ್ ವಾದಕ ಜೇಸನ್ ನ್ಯೂಸ್ಟೆಡ್ 2001ರ ಜನವರಿಯಲ್ಲಿ ಮೇಳವನ್ನು ಬಿಟ್ಟರು; ಅದೇ ವರ್ಷ ಹೆಟ್‌ಫೀಲ್ಡ್ ಕುಡಿತದ ಚಟಕ್ಕೆ ಚಿಕಿತ್ಸೆ ಪಡೆಯಲು ಹೋದರು; ಉಳಿದವರು ಮನಶ್ಶಾಸ್ತ್ರ ಬಲ್ಲ ಸಲಹೆಗಾರರೊಬ್ಬರ ಎದುರು ಕುಳಿತು ತಮ್ಮ ತಮ್ಮ ಮನಸ್ತಾಪಗಳನ್ನು ತೋಡಿಕೊಂಡರು. ಅದೆಲ್ಲವೂ 2004ರ ‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’ ಎಂಬ ಸಾಕ್ಷ್ಯಚಿತ್ರದಲ್ಲಿ ದಾಖಲಾಗಿದೆ. ಹೀಗೆ ಹುಟ್ಟಿದ ಆಲ್ಬಮಿನಲ್ಲಿ ಹನ್ನೊಂದು ಹಾಡು, ಎಪ್ಪತ್ತೈದು ನಿಮಿಷ. ಗಿಟಾರಿನ ಏಕವಾದನವೆಂಬುದು ಹೆಸರಿಗೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಸ್ನೇರ್ ಡ್ರಮ್ಮಿನ ಸದ್ದು. ಆ ಡ್ರಮ್ಮಿನ ಕೆಳಮೈಗೆ ಒತ್ತಿಕೊಂಡು ನಾದವನ್ನು ಹದಗೊಳಿಸುವ ತಂತಿಗಳನ್ನು ಉಲ್ರಿಕ್ ಸಡಿಲವಾಗಿಯೇ ಬಿಟ್ಟರು. ಅದರಿಂದ ಹೊಮ್ಮಿದ ಶಬ್ದ, ಹಿತ್ತಲಿನಲ್ಲಿ ತಗಡಿನ ಡಬ್ಬವನ್ನು ಬಡಿದಂತಿದೆಯೆಂದು ಅರ್ಧ ಜಗತ್ತು ದೂರಿತು. ಅದೇ ಶೀರ್ಷಿಕೆಗೀತೆಗೆ 2004ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಾಗ ಭಕ್ತನು ಹೊಡೆದ ಗೆಲುವಿನ ಕೇಕೆ ಇನ್ನೂ ನಿಂತಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಇವನನ್ನು ನಕ್ಕು ಬಿಟ್ಟುಬಿಡಬಹುದಿತ್ತು. ಆದರೆ ರಾಜಶೇಖರನು ಇವನ ಮೇಲೆ ಕರುಣೆಯಿಂದ ಒಂದು ಮಾತು ಹೇಳಿದ್ದಾನೆ: ಕುತೂಹಲದಿಂದ ಕಲಿಯಹೊರಟ ಎಲ್ಲರಿಗೂ ಎಲ್ಲ ವಿಷಯಗಳಲ್ಲಿಯೂ ಮೊದಲ ಅವಸ್ಥೆ ಇದೇ. ನಿಜವೇ ಸರಿ. ಹುಲ್ಲಿನೊಡನೆ ಅನ್ನವನ್ನು ತಿನ್ನದೆ ಹುಲ್ಲು ಯಾವುದು, ಅನ್ನ ಯಾವುದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲದೆ ಎಲ್ಲರೂ ಬಿಸುಟ ‘ಸೇಂಟ್ ಆ್ಯಂಗರ್’ ಆಲ್ಬಮನ್ನು ಇಪ್ಪತ್ತು ಸಲ ಕೇಳಿದವನು ಈ ಭಕ್ತನೊಬ್ಬನೇ. ಒಡೆದುಹೋಗಲಿದ್ದ ಮನೆಯೊಂದರ ಒಳಗಿನ ಕೂಗಾಟವೇ ಅಲ್ಲಿ ಸಂಗೀತವಾಗಿದೆ, ಆ ಒರಟುತನ ಸುಳ್ಳಲ್ಲ ಎಂಬುದನ್ನು ಕೆಲವರಾದರೂ ಗುರುತಿಸಿದ್ದರೆ ಅವರು ಭಕ್ತರ ಸಾಲಿನಿಂದಲೇ ಎದ್ದುಬಂದವರು. ಮೊದಲೇ ಎದ್ದುಹೋದ ಅರೋಚಕಿಗೆ ಆ ಅವಕಾಶವೇ ಇರಲಿಲ್ಲ.

ಮೂರನೆಯವನು ಮತ್ಸರಿ. ಇವನ ಕಿವಿಗೆ ದೋಷವಿಲ್ಲ, ದೋಷವೆಲ್ಲ ನಾಲಿಗೆಯದು. 1983ರ ಏಪ್ರಿಲಿನಲ್ಲಿ, ಮೊದಲ ಆಲ್ಬಮಿನ ಮುದ್ರಣಕ್ಕೆ ಮುಂಚೆಯೇ, ಗಿಟಾರುವಾದಕ ಡೇವ್ ಮಸ್ಟೇನ್ ಅವರನ್ನು ಮೆಟಾಲಿಕಾ ಹೊರಗೆ ಹಾಕಿತು. ಅದೇ ವರ್ಷ ಅವರು ಮೆಗಾಡೆತ್ ಎಂಬ ತಮ್ಮ ಸ್ವಂತ ಮೇಳವನ್ನು ಕಟ್ಟಿದರು. ಅಂದಿನಿಂದ ಅಭಿಮಾನಿಗಳಲ್ಲಿ ಎರಡು ಬಣ. ಮೆಟಾಲಿಕಾ ಪಕ್ಷದವನು 1990ರ ‘ರಸ್ಟ್ ಇನ್ ಪೀಸ್’ ಎಂಬ ಮೆಗಾಡೆತ್ ಆಲ್ಬಮಿನ ಗಿಟಾರಿನ ಕೌಶಲವನ್ನು ಒಳಗೊಳಗೇ ಮೆಚ್ಚುತ್ತಾನೆ, ಹೊರಗೆ ಮಸ್ಟೇನರ ಕಂಠವನ್ನು ಹಾಸ್ಯಮಾಡುತ್ತಾನೆ. ಮೆಗಾಡೆತ್ ಪಕ್ಷದವನು ‘ಮಾಸ್ಟರ್ ಆಫ್ ಪಪೆಟ್ಸ್’ ಬಂದಾಗ ಮೌನ ತಾಳಿ, ಮೊದಲ ಆಲ್ಬಮಿನ ಕೆಲವು ಹಾಡುಗಳ ರಚನೆಯಲ್ಲಿ ಮಸ್ಟೇನರ ಪಾಲಿತ್ತೆಂಬುದನ್ನು ಮಾತ್ರ ಮರೆಯದೆ ಎತ್ತುತ್ತಾನೆ. 2010ರ ಜೂನ್ ತಿಂಗಳಲ್ಲಿ ಮೆಟಾಲಿಕಾ, ಮೆಗಾಡೆತ್, ಸ್ಲೇಯರ್, ಆ್ಯಂತ್ರ್ಯಾಕ್ಸ್ ಎಂಬ ನಾಲ್ಕು ದೊಡ್ಡ ಮೇಳಗಳು ಒಂದೇ ವೇದಿಕೆಯನ್ನು ಹಂಚಿಕೊಂಡವು. ಬಲ್ಗೇರಿಯದ ಸೋಫಿಯಾ ನಗರದಲ್ಲಿ ಎದುರಾಳಿ ಮೇಳಗಳ ವಾದಕರು ಒಟ್ಟಿಗೆ ನಿಂತು ಒಂದು ಹಾಡನ್ನು ನುಡಿಸಿದರು. ವೇದಿಕೆಯ ಮೇಲೆ ಮಸ್ಟೇನ್ ಮತ್ತು ಹೆಟ್‌ಫೀಲ್ಡ್ ಅಪ್ಪಿಕೊಂಡರು. ದಾಯಾದಿಗಳು ರಾಜಿಯಾದರೂ ಅವರ ವಕೀಲರು ರಾಜಿಯಾಗಲಿಲ್ಲ.

ಮತ್ಸರದ ಮಾತು ಬಂದಾಗ 1989ರ ಗ್ರ್ಯಾಮಿ ಪ್ರಸಂಗವನ್ನು ಬಿಡುವಂತಿಲ್ಲ. ಹಾರ್ಡ್ ರಾಕ್ ಮತ್ತು ಮೆಟಲ್ ಸಂಗೀತಕ್ಕೆಂದು ಆ ವರ್ಷ ಮೊದಲ ಬಾರಿಗೆ ಏರ್ಪಟ್ಟ ಪ್ರಶಸ್ತಿಯು ಮೆಟಾಲಿಕಾಕ್ಕೆ ಸಲ್ಲುವುದೆಂದು ಎಲ್ಲರೂ ಎಣಿಸಿದ್ದರು. ಅದು ಕೊಳಲನ್ನು ಮುಂದಿಟ್ಟು ನುಡಿಸುವ ಜೆಥ್ರೊ ಟಲ್ ಎಂಬ ಇಂಗ್ಲೆಂಡಿನ ಮೇಳಕ್ಕೆ ದೊರೆಯಿತು. ತೀರ್ಪು ವಿಚಿತ್ರವಾಗಿತ್ತು, ಸಂದೇಹವಿಲ್ಲ. ಆದರೆ ಅಂದಿನಿಂದ ಮೆಟಲ್ ಅಭಿಮಾನಿಗಳಲ್ಲಿ ಬಹುಮಂದಿ ಜೆಥ್ರೊ ಟಲ್ ಹೆಸರನ್ನು ನಗೆಮಾತಾಗಿ ಮಾತ್ರ ಬಳಸುತ್ತಾರೆ. ಆ ಮೇಳದ 1971ರ ‘ಅಕ್ವಾಲಂಗ್’ ಆಲ್ಬಮನ್ನು ಒಮ್ಮೆಯಾದರೂ ಕಿವಿಗೊಟ್ಟು ಕೇಳಿ ನಕ್ಕವರು ಎಷ್ಟು ಮಂದಿಯೋ! ತೀರ್ಪುಗಾರರ ತಪ್ಪಿಗೆ ಕೊಳಲಿನವರಿಗೆ ಶಿಕ್ಷೆಯಾಯಿತು.

ಇನ್ನು ಉಳಿದವನು ತತ್ತ್ವಾಭಿನಿವೇಶಿ. ಪ್ರಶಸ್ತಿ ತಪ್ಪಿದ ಆ ಆಲ್ಬಮಿನ ವಿಷಯಕ್ಕೆ ಬಂದರೆ ಅವನನ್ನೂ ಕಾಣಬಹುದು.

1988ರಲ್ಲಿ ಬಂದ ಅದರ ಹೆಸರು ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’; ಎಲ್ಲರಿಗೂ ನ್ಯಾಯ ಎಂಬುದು ಅದರ ಭಾವ. ಬರ್ಟನ್ ತೀರಿಕೊಂಡ ಮರುತಿಂಗಳೇ ಮೇಳ ಸೇರಿದ ಜೇಸನ್ ನ್ಯೂಸ್ಟೆಡ್, ಮೇಳದವರೊಡನೆ ನುಡಿಸಿದ ಮೊದಲ ಪೂರ್ಣ ಆಲ್ಬಂ ಅದು. ಸೇರುವಾಗ ಅವರಿಗೆ 23 ವರ್ಷ. ಬರ್ಟನ್ನರನ್ನು ಆರಾಧಿಸುತ್ತಿದ್ದ ಹುಡುಗ. ಆಲ್ಬಮಿನ ಮೊದಲ ಹಾಡಾದ ‘ಬ್ಲ್ಯಾಕನ್ಡ್’ನ ಕರ್ತೃಗಳಲ್ಲಿ ಅವರ ಹೆಸರೂ ಇದೆ. ಹೆಸರಿದೆ, ನಾದ ಮಾತ್ರ ಇಲ್ಲ. ಇಡೀ ಆಲ್ಬಮಿನಲ್ಲಿ ಬೇಸ್ ಗಿಟಾರ್ ಕೇಳಿಸುವುದೇ ಇಲ್ಲವೆಂದರೂ ಸಲ್ಲುತ್ತದೆ. ಬೇಸ್ ಎಂಬುದು ಮೇಳದ ಮಂದ್ರದ ನೆಲಗಟ್ಟು. ಅದಿಲ್ಲದ ಮೇಳ ಕಂಬಗಳಿದ್ದೂ ನೆಲವಿಲ್ಲದ ಮನೆ. ಸಾಮಾನ್ಯ ಕೇಳುಗನು ಏನೋ ಒಣಗಿದಂತಿದೆ ಎಂದು ಸುಮ್ಮನಾದಾನು. ಅಭಿಮಾನಿ ಸುಮ್ಮನಾಗಲಿಲ್ಲ. ಬೇಸ್ ಎಲ್ಲಿ ಎಂದು ಅಂದೇ ಕೇಳಿದ. ಮೂವತ್ತು ವರ್ಷ ಬಿಡದೆ ಕೇಳಿದ.

ಉತ್ತರಗಳು ಒಂದೊಂದಾಗಿ ಬಂದವು. ಉಳಿದವರು ಇಲ್ಲದ ಹೊತ್ತಿನಲ್ಲಿ ತನ್ನ ಭಾಗವನ್ನು ನುಡಿಸಿ ಮುಗಿಸಬೇಕಾಯಿತೆಂದು ನ್ಯೂಸ್ಟೆಡ್ ಹೇಳಿದ್ದಾರೆ. ಅವರ ಸ್ವರಗಳು ಹೆಟ್‌ಫೀಲ್ಡರ ಗಿಟಾರಿನ ಸ್ವರಗಳನ್ನೇ ಹೆಜ್ಜೆಹೆಜ್ಜೆಗೆ ಅನುಸರಿಸಿದುದರಿಂದ ಅದರಡಿಯಲ್ಲಿ ಅಡಗಿಹೋದವು ಎಂಬುದು ಇನ್ನೊಂದು ವಿವರಣೆ. ಮುದ್ರಣದ ಭಾಗಗಳನ್ನು ಹದವಾಗಿ ಬೆರೆಸುವ ಕೆಲಸ ಮಾಡಿದ ಇಬ್ಬರಲ್ಲಿ ಒಬ್ಬರಾದ ಸ್ಟೀವ್ ಥಾಂಪ್ಸನ್, ಉಲ್ರಿಕ್ ಅವರ ಅಪೇಕ್ಷೆಯಂತೆಯೇ ಬೇಸನ್ನು ಕೇಳಿಯೂ ಕೇಳದಷ್ಟು ತಗ್ಗಿಸಬೇಕಾಯಿತೆಂದು 2015ರಲ್ಲಿ ಹೇಳಿದರು. ಬೇಕೆಂದೇ ಮಾಡಿದ ಅವಮಾನವಲ್ಲವೆಂದು ಮೇಳದ ಹಿರಿಯರ ಮಾತು. ಸತ್ತ ಗೆಳೆಯನ ಜಾಗದಲ್ಲಿ ಇನ್ನೊಬ್ಬನನ್ನು ಕಣ್ಣಾರೆ ಕಂಡರೂ ಕಿವಿಯಾರೆ ಕೇಳಲು ಅವರಿಗೆ ಮನಸ್ಸಾಗಲಿಲ್ಲವೆಂದು ಅನೇಕ ಅಭಿಮಾನಿಗಳು ಊಹಿಸುತ್ತಾರೆ. ಅದೇ ಆಲ್ಬಮಿನಲ್ಲಿ ಬರ್ಟನ್ ಬಿಟ್ಟುಹೋದ ಸ್ವರಗಳನ್ನೂ ಮಾತುಗಳನ್ನೂ ಕೂಡಿಸಿ ಕಟ್ಟಿದ ‘ಟು ಲಿವ್ ಈಸ್ ಟು ಡೈ’ ಎಂಬ ದೀರ್ಘವಾದನವಿದೆ. ಅದನ್ನು ಕೇಳಿದವರಿಗೆ ಈ ಊಹೆ ಅಸಂಬದ್ಧವೆನಿಸುವುದಿಲ್ಲ. ತೀರಿಹೋದ ಒಬ್ಬನ ಸ್ಮರಣೆಗೆ ಅಲ್ಲಿ ಸ್ಥಳವಿತ್ತು. ಬದುಕಿದ್ದ ಒಬ್ಬನ ಬೆರಳಿಗೆ ಇರಲಿಲ್ಲ.

ಅಭಿಮಾನಿಗಳು ದೂರುವುದಕ್ಕೇ ನಿಲ್ಲಲಿಲ್ಲ. ಗಿಟಾರ್ ನುಡಿಸುವ ಗಣಕದ ಆಟಗಳಿಗಾಗಿ ಕೆಲವು ಹಾಡುಗಳ ವಾದ್ಯಗಳನ್ನು ಬಿಡಿಬಿಡಿಯಾಗಿ ಒದಗಿಸಿದಾಗ, ಅಲ್ಲಿಂದ ಬೇಸನ್ನು ಹೆಕ್ಕಿ ತೆಗೆದರು. ಮನೆಯ ಗಣಕಯಂತ್ರದಲ್ಲಿ ಅದನ್ನು ಏರಿಸಿ ಹಾಡಿನೊಡನೆ ಕೂಡಿಸಿದರು. ಆ ಹೊಸ ರೂಪಗಳಿಗೆ ‘ಆ್ಯಂಡ್ ಜಸ್ಟಿಸ್ ಫಾರ್ ಜೇಸನ್’ ಎಂದು ಹೆಸರಿಟ್ಟರು. ಕೇಳಿದಾಗ ತಿಳಿದದ್ದೇನು? ಹುಡುಗ ಚೆನ್ನಾಗಿಯೇ ನುಡಿಸಿದ್ದ. 2018ರಲ್ಲಿ ಮೇಳವು ಆ ಆಲ್ಬಮನ್ನು ಪರಿಷ್ಕರಿಸಿ ಮತ್ತೆ ಹೊರತಂದಾಗಲೂ ಬೇಸನ್ನು ಮೇಲೆತ್ತಲಿಲ್ಲ. ಅದು ಆ ಕಾಲದ ಚಿತ್ರ, ಹಾಗೆಯೇ ಇರಲಿ ಎಂದಿತು. ಕೃತಿಕಾರನಿಗೆ ಆ ಹಕ್ಕುಂಟು. ಆದರೆ ಸಾಕ್ಷ್ಯವನ್ನು ಮುಂದಿಡುವ ಹಕ್ಕು ಕೇಳುಗನಿಗೂ ಉಂಟು.

ಇದೊಂದೇ ಪ್ರಸಂಗವಲ್ಲ. 2008ರ ಸೆಪ್ಟೆಂಬರಿನಲ್ಲಿ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ ಅದೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ಆಟದಲ್ಲಿಯೂ ದೊರೆಯುತ್ತಿದ್ದವು. ಎರಡನ್ನೂ ಹೋಲಿಸಿದ ಅಭಿಮಾನಿಗಳು ಒಂದು ವಿಚಿತ್ರವನ್ನು ಕಂಡುಹಿಡಿದರು: ಹಣ ಕೊಟ್ಟು ಕೊಂಡ ಸಿ.ಡಿ.ಗಿಂತ ಮಕ್ಕಳಾಟದ ಪ್ರತಿಯಲ್ಲೇ ನಾದ ಸ್ವಚ್ಛವಾಗಿತ್ತು. ಕಾರಣ ಗುಟ್ಟೇನಲ್ಲ. ಆಲ್ಬಮು ಎಲ್ಲರದಕ್ಕಿಂತ ಗಟ್ಟಿಯಾಗಿ ಕೇಳಿಸಲೆಂದು ಮೆಲುದನಿಯನ್ನು ಏರಿಸಿ, ಏರುದನಿಯ ತುದಿಗಳನ್ನು ಕತ್ತರಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ಹಿಂಡಿಬಿಡುವ ಪದ್ಧತಿ ಆಗ ಬಳಕೆಯಲ್ಲಿತ್ತು. ಹಾಗೆ ಹಿಂಡಿದ ನಾದ ಒಡೆಯುತ್ತದೆ, ಕಿವಿ ಬಳಲುತ್ತದೆ. ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಆಲ್ಬಮನ್ನು ಮತ್ತೆ ಬೆರೆಸಿಕೊಡಿರೆಂಬ ಮನವಿಗೆ ಸಹಿ ಹಾಕಿದರು. ಮುದ್ರಣಕ್ಕೆ ಕೊನೆಯ ಸಂಸ್ಕಾರ ಕೊಟ್ಟ ತಂತ್ರಜ್ಞ ಟೆಡ್ ಜೆನ್ಸನ್, ತಮ್ಮ ಕೈಗೆ ಬರುವಷ್ಟರಲ್ಲೇ ಅದನ್ನು ಹಿಂಡಿಯಾಗಿತ್ತೆಂದು ಒಪ್ಪಿದರು.

ಗಟ್ಟಿತನದ ವ್ಯಾಜ್ಯ ಕನ್ನಡನಾಡಿಗೂ ಹೊಸದಲ್ಲ. ಧ್ವನಿವರ್ಧಕ ಇನ್ನೂ ಬಳಕೆಗೆ ಬಾರದ ಕಾಲದಲ್ಲಿ, ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸದೆಂದು ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಗೆ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಚೌಡಯ್ಯನವರು ಹುಡುಕಿದ್ದು ತುಂಬುನಾದವನ್ನು, ಕೊನೆಯ ಸಾಲಿನಲ್ಲಿ ಕುಳಿತವನಿಗೂ ರಾಗದ ಎಳೆ ತಲುಪಲೆಂದು. ಹಿಂಡಿದ ಸಿ.ಡಿ.ಯ ಗಟ್ಟಿತನ, ಹತ್ತಿರ ಕುಳಿತವನಿಗೂ ಎಳೆ ತಲುಪದಂತೆ ಮಾಡಿತು. ಈ ಭೇದವನ್ನು ಬಲ್ಲ ಕಿವಿ, ಅದು ಚೌಡಯ್ಯನವರನ್ನು ಕೇಳಿದ್ದಾಗಲಿ ಮೆಟಾಲಿಕಾವನ್ನು ಕೇಳಿದ್ದಾಗಲಿ, ಒಂದೇ ಜಾತಿಯದು.

ಹಾಗಾದರೆ ಅಭಿಮಾನಿಗಳ ಜಗಳದ ಬೆಲೆ ಇಷ್ಟು. ಯಾವ ಆಲ್ಬಂ ಶ್ರೇಷ್ಠವೆಂಬ ವಾದ ಮುಗಿಯತಕ್ಕದ್ದಲ್ಲ. ಅದರಲ್ಲಿ ಅರ್ಧ ಭಾಗ ಸಂಗೀತ, ಅರ್ಧ ಭಾಗ ವಾದಿಸುವವನ ಹದಿನಾರನೆಯ ವಯಸ್ಸು. ಕೂದಲು ಕತ್ತರಿಸಿಕೊಂಡರೆಂಬ ವಾದದಲ್ಲಿ ಸಂಗೀತ ಅಷ್ಟೂ ಇಲ್ಲ. ಆದರೆ ಆಲ್ಬಮಿನೊಳಗೆ ಏನಿದೆ, ಏನಿಲ್ಲ, ಏನನ್ನು ಅಡಗಿಸಿದ್ದಾರೆ ಎಂಬ ವಾದವಿದೆಯಲ್ಲ, ಅದು ವಾದಿಯನ್ನು ಮತ್ತೆ ಮತ್ತೆ ಕೇಳಲು ಕಳುಹಿಸುತ್ತದೆ. ಹೊಗಳಿಕೆ ಎಷ್ಟೋ ವೇಳೆ ಒಂದೇ ಕೇಳ್ವಿಕೆಗೆ ತೃಪ್ತವಾಗುತ್ತದೆ. ಆಕ್ಷೇಪಿಸುವವನು ರುಜುವಾತಿಗಾಗಿ ಹತ್ತು ಸಲ ಕೇಳಬೇಕು. ಅರೋಚಕಿಯೂ ಭಕ್ತನೂ ಮತ್ಸರಿಯೂ ಹೀಗೆ ಪರಸ್ಪರ ಕಾದಾಡುತ್ತಲೇ, ತಮಗೆ ತಿಳಿಯದಂತೆ, ಸಾವಿರಕ್ಕೊಬ್ಬನಾದ ನಾಲ್ಕನೆಯವನನ್ನು ತಯಾರುಮಾಡುತ್ತಾರೆ.

ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ದಿನ ಸಂದಿದೆ. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂತು. ಎರಡು ದಿನ ಮೊದಲು ದೆಹಲಿಯ ಸಮೀಪದ ಗುರುಗ್ರಾಮದಲ್ಲಿ ನಡೆಯಬೇಕಿದ್ದ ಕಚೇರಿ ರದ್ದಾದುದರಿಂದ, ಭಾರತದಲ್ಲಿ ಅವರು ನುಡಿಸಿದ ಮೊದಲ ಕಚೇರಿಯೆಂಬ ಗೌರವ ಬೆಂಗಳೂರಿನದಾಯಿತು. ಅಂದು ನೆರೆದ ಸಾವಿರಾರು ಜನರಲ್ಲಿ 1986ರ ಪಕ್ಷದವರಿದ್ದರು, 1991ರ ಪಕ್ಷದವರಿದ್ದರು. ಮೇಳ ಸತ್ತುಹೋಗಿದೆ ಎಂದು ಎಷ್ಟೋ ವರ್ಷ ವಾದಿಸಿದವರು, ಸತ್ತವರನ್ನು ನೋಡಲು ದುಡ್ಡು ಕೊಟ್ಟು ಟಿಕೇಟು ಕೊಂಡಿದ್ದರು. ಬೇಸ್ ನುಡಿಸಿದವರು ಮಾತ್ರ ನ್ಯೂಸ್ಟೆಡ್ ಅಲ್ಲ. 2003ರಿಂದ ಆ ಸ್ಥಾನ ರಾಬರ್ಟ್ ಟ್ರುಹಿಯೊ ಅವರದು.

ನ್ಯೂಸ್ಟೆಡ್ ಅವರ ಸರದಿ ಅದಕ್ಕೂ ಮೊದಲೇ ಬಂದಿತ್ತು. 2009ರ ಏಪ್ರಿಲ್ 4ರಂದು ಕ್ಲೀವ್‌ಲೆಂಡ್ ನಗರದಲ್ಲಿ ಮೆಟಾಲಿಕಾವನ್ನು ರಾಕ್ ಆ್ಯಂಡ್ ರೋಲ್ ಗೌರವ ಮಂದಿರಕ್ಕೆ ಸೇರಿಸಿಕೊಂಡ ಸಮಾರಂಭದಲ್ಲಿ ಮೇಳವು ಅವರನ್ನೂ ಕರೆಯಿತು. ಮಗನ ಪರವಾಗಿ ಕ್ಲಿಫ್ ಬರ್ಟನ್ನರ ವೃದ್ಧ ತಂದೆ ವೇದಿಕೆಗೆ ಬಂದಿದ್ದರು. ಹಾಡುಗಳನ್ನು ನುಡಿಸುವ ಹೊತ್ತಿಗೆ ನ್ಯೂಸ್ಟೆಡ್ ಮತ್ತು ಟ್ರುಹಿಯೊ, ಹಳಬರು ಹೊಸಬರು ಇಬ್ಬರೂ ಬೇಸ್ ಹಿಡಿದು ನಿಂತರು. ಅಂದು ಬೇಸ್ ಎಲ್ಲಿ ಎಂದು ಯಾರೂ ಕೇಳಬೇಕಾಗಲಿಲ್ಲ.